ಚೆನ್ನಮ್ಮನ ಕಾಲರ್ ಮೈಕು

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಮಾತಾಡದ ವರ್ಷವಿಲ್ಲ. ಆಗಸ್ಟ್ ಹದಿನೈದಕ್ಕೆ ಮಾತಾಡುತ್ತಾಳೆ, ರಾಜ್ಯೋತ್ಸವಕ್ಕೆ ಮಾತಾಡುತ್ತಾಳೆ. ಪ್ರತಿಭಾ ಕಾರಂಜಿಯ ಛದ್ಮವೇಷ ಸ್ಪರ್ಧೆಯಲ್ಲಂತೂ ನಾಲ್ಕೈದು ಚೆನ್ನಮ್ಮಂದಿರು ಸಾಲಾಗಿ ನಿಂತು ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಬಣ್ಣ, ರಟ್ಟು, ಗೋಂದು, ವೇಷ ಅಂದರೆ ಅದು ಡ್ರಾಯಿಂಗ್ ಮೇಷ್ಟ್ರ ಕೆಲಸ ಅಂತ ಶಾಲೆಗಳಲ್ಲಿ ಮೊದಲಿನಿಂದಲೂ ವಾಡಿಕೆ. ಹಾಗಾಗಿ ತೀರ್ಪುಗಾರನ ಕುರ್ಚಿಯಲ್ಲಿ ಕೂತು ಎಷ್ಟೋ ಚೆನ್ನಮ್ಮಂದಿರನ್ನು ನೋಡಿದ್ದೇನೆ. ಅಮ್ಮನ ರೇಷ್ಮೆ ಸೀರೆಯನ್ನು ಕಚ್ಚೆ ಹಾಕಿ ಉಡಿಸಿರುತ್ತಾರೆ. ರಟ್ಟಿನ ಕತ್ತಿಗೆ ಬೆಳ್ಳಿ ಕಾಗದ ಸುತ್ತಿರುತ್ತದೆ. ಕಪ್ಪ ಕೇಳಲು ಬಂದ ಬ್ರಿಟಿಷ್ ಅಧಿಕಾರಿ ಎದುರಿಗೆ ಇರುವುದಿಲ್ಲ, ಹೆಡ್‌ಮಾಸ್ಟರ ಕುರ್ಚಿಯೇ ಅವನು. ಅದರ ಕಡೆ ಬೆರಳು ತೋರಿಸಿ, ನಿಮಗೇಕೆ ಕಪ್ಪ ಅಂತ ಶುರುವಾದರೆ ಸಭೆಯಲ್ಲಿ ಕೂತ ತಾಯಂದಿರ ತುಟಿಯೂ ಜೊತೆಯಲ್ಲೇ ಅಲುಗುತ್ತದೆ. ಈಚೀಚೆಗೆ ಚೆನ್ನಮ್ಮನ ಸೆರಗಿಗೆ ಕಾಲರ್ ಮೈಕು ಬಂದಿದೆ. ಅಂಥವಳಿಗೂ ನಾನು ಒಂದಂಕ ಕಡಿಮೆ ಕೊಟ್ಟವನಲ್ಲ.

ಆ ಮಾತುಗಳ ಹುಟ್ಟು ಕಿತ್ತೂರಿನ ಕೋಟೆಯಲ್ಲಿ ಅಲ್ಲ, ಸಿನಿಮಾದಲ್ಲಿ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಪಡೆ ಕಲೆಕ್ಟರ್ ಥ್ಯಾಕರೆಯನ್ನು ಕೊಂದದ್ದು ಇತಿಹಾಸ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿ ತೀರಿಕೊಂಡದ್ದು ಇತಿಹಾಸ. ಮಕ್ಕಳು ಬಾಯಿಪಾಠ ಮಾಡುವ ಅಬ್ಬರದ ಮಾತು ಬಿ.ಆರ್. ಪಂತುಲು 1961ರಲ್ಲಿ ತೆಗೆದ ಚಿತ್ರದ ಸಂಭಾಷಣೆ. ಬಿ. ಸರೋಜಾದೇವಿ ಆಡಿದ್ದು. ಅದಕ್ಕೆ ಎರಡು ವರ್ಷ ಮುಂಚೆ, 1959ರಲ್ಲಿ, ಇದೇ ಪಂತುಲು ತಮಿಳಿನಲ್ಲಿ ವೀರಪಾಂಡ್ಯ ಕಟ್ಟಬೊಮ್ಮನ್ ತೆಗೆದಿದ್ದರು. ಅಲ್ಲೂ ಬ್ರಿಟಿಷರಿಗೆ ತೆರಿಗೆ ಯಾಕೆ ಕೊಡಬೇಕು ಅಂತ ಶಿವಾಜಿ ಗಣೇಶನ್ ಗುಡುಗುತ್ತಾರೆ, ತಮಿಳುನಾಡಿನ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಗಡಿಯ ಈಚೆಗೊಂದು, ಆಚೆಗೊಂದು ಐತಿಹಾಸಿಕ ಭಾಷಣ, ನಿರ್ದೇಶಕ ಮಾತ್ರ ಒಬ್ಬನೇ! ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಮಾಜ ವಿಜ್ಞಾನದ ಮೇಡಂ ಅರ್ಧ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಇಷ್ಟೆಲ್ಲ ನೆನಪಾದದ್ದು ನಮ್ಮ ಬೀದಿಯ ಒಬ್ಬಳು ಹುಡುಗಿಯಿಂದ. ನೇಯ್ಗೆಯವರ ಮನೆ, ಕೆಳಗೆ ನಾಲ್ಕು ಪವರ್‌ಲೂಮು, ಮೇಲೆ ಸಂಸಾರ. ಬೆಂಗಳೂರಿಗೆ ಓಡಾಡಿಕೊಂಡು ಅನಿಮೇಷನ್ ಕಲಿತಿದ್ದಾಳೆ. ಸ್ವಾತಂತ್ರ್ಯದ ಅಮೃತ ಮಹೋತ್ಸವ 2021ರ ಮಾರ್ಚಿನಲ್ಲಿ ಶುರುವಾಯಿತಲ್ಲ, ಆಗಿನಿಂದ ಆನ್‌ಲೈನ್ ಸ್ಪರ್ಧೆಗಳಿಗೆ ಬರವಿಲ್ಲ. ಅಂಥದೊಂದು ಇವಳ ಕಣ್ಣಿಗೆ ಬಿತ್ತು: ಯಾವುದಾದರೂ ಒಂದು ಐತಿಹಾಸಿಕ ಭಾಷಣ ಆರಿಸಿಕೊಂಡು ಪುಟ್ಟ ಅನಿಮೇಷನ್ ಚಿತ್ರ ಮಾಡಿ ಕಳಿಸಬೇಕು. ಪಟ್ಟಿ ಬರೆದುಕೊಂಡು ಬಂದಳು. 1893ರ ಷಿಕಾಗೊದಲ್ಲಿ ವಿವೇಕಾನಂದರು, 1942ರ ಆಗಸ್ಟಿನಲ್ಲಿ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿ, ರಕ್ತ ಕೊಡಿ ಅಂದ ಸುಭಾಷರು, 1947ರ ನಡುರಾತ್ರಿಯ ನೆಹರೂ, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್.

"ಇದರಲ್ಲಿ ನಮ್ಮ ಕಡೆಯವರು ಯಾರೂ ಇಲ್ವೇನಮ್ಮ?" ಅಂದೆ.

"ಇದಾರೆ ತಾತ, ಆದ್ರೆ ಅವರ ಆಡಿಯೊ ಸಿಗಲ್ಲ. ಆಡಿಯೊ ಇಲ್ದಿದ್ರೆ ಬಾಯಿ ಹೆಂಗೆ ಆಡಿಸೋದು?"

ಹುಡುಗಿ ಸಲೀಸಾಗಿ ಹೇಳಿಬಿಟ್ಟಳು, ನಾನು ಮಾತ್ರ ಅದನ್ನೇ ತಿರುವಿ ಹಾಕುತ್ತ ಕೂತೆ. ಯಾವ ಭಾಷಣ ಐತಿಹಾಸಿಕ ಅನ್ನುವುದನ್ನು ಬಹುಪಾಲು ತೀರ್ಮಾನಿಸಿರುವುದು ಯಂತ್ರ. ಗಾಂಧೀಜಿಯ ಇಂಗ್ಲಿಷ್ ದನಿ ಎಲ್ಲರಿಗೂ ಗೊತ್ತಿರುವುದು 1931ರಲ್ಲಿ ಲಂಡನ್ನಿನಲ್ಲಿ ಕೊಲಂಬಿಯಾ ಕಂಪನಿ ಗ್ರಾಮಫೋನ್ ತಟ್ಟೆಗೆ ಇಳಿಸಿಕೊಂಡದ್ದರಿಂದ. ಕಾಂಗ್ರೆಸ್ ಅಧಿವೇಶನಗಳ ಹಳೆಯ ಫೋಟೊಗಳಲ್ಲಿ ನಾಯಕರ ಮುಖದ ಮುಂದೆ 'ಷಿಕಾಗೊ' ಎಂದು ಬರೆದ ಮೈಕು ಕಾಣುತ್ತದೆ. ಅದು ಮುಂಬಯಿಯ ಷಿಕಾಗೊ ರೇಡಿಯೊ ಕಂಪನಿಯದು. ಅದರ ಮಾಲೀಕ ನಾನಿಕ್ ಮೋಟ್ವಾನಿ ಧ್ವನಿವರ್ಧಕ ಹಾಕಿದ್ದಷ್ಟೇ ಅಲ್ಲ, ಭಾಷಣಗಳನ್ನು ಮುದ್ರಿಸಿಯೂ ಇಟ್ಟರು. ಹಾಗೆ ಉಳಿದವು ಉಳಿದವು. ಇನ್ನು ವಿವೇಕಾನಂದರ ಷಿಕಾಗೊ ಭಾಷಣದ ಅಸಲಿ ದನಿ ಅಂತ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುತ್ತದಲ್ಲ, ಅದು ಯಾರೋ ಓದಿ ಮುದ್ರಿಸಿದ್ದು. ಆ ಸಭೆಯ ಧ್ವನಿಮುದ್ರಣವೇ ಇಲ್ಲ. ಸ್ಪರ್ಧೆಗೆ ಬರುವ ಅರ್ಧಕ್ಕರ್ಧ ವಿವೇಕಾನಂದರು ಆ ಯಾರದೋ ದನಿಗೇ ಬಾಯಿ ಆಡಿಸುವವರು.

ನಮ್ಮ ಕಡೆಯವರು ಅಂದಾಗ ನನ್ನ ಮನಸ್ಸಿನಲ್ಲಿ ಇದ್ದವರು ಟಿ. ಸಿದ್ಧಲಿಂಗಯ್ಯನವರು. ಅವರ ಹೆಸರಿನ ವೃತ್ತದಲ್ಲಿ ದಿನಾ ಬಸ್ಸು ಇಳಿಯುವ ಜನಕ್ಕೆ ಅವರು ಯಾರೆಂದು ಕೇಳಿದರೆ, ಕವಿಗಳಲ್ವಾ ಅನ್ನುತ್ತಾರೆ. ಕವಿ ಸಿದ್ಧಲಿಂಗಯ್ಯನವರು ಮಾಗಡಿ ಸೀಮೆಯವರು, ಅವರ ಮಾತು ಮುಂದೆ ಬರುತ್ತದೆ. ಇವರು ದೊಡ್ಡಬಳ್ಳಾಪುರದವರು, 1938ರ ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಡೆದ ಮೈಸೂರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕಾಂಗ್ರೆಸ್ ಬಾವುಟ ಏರಿಸಕೂಡದು ಅಂತ ನಿಷೇಧಾಜ್ಞೆ ಬಂತು. ಬಯಲಿನಲ್ಲಿ ಸಾವಿರಗಟ್ಟಲೆ ಜನ ಸೇರಿದ್ದರು. ಸಿದ್ಧಲಿಂಗಯ್ಯನವರು ಬಾವುಟ ಏರಿಸಿದರು, ಬಂಧನಕ್ಕೊಳಗಾದರು. ಅವರ ಹಿಂದೆಯೇ ಒಬ್ಬರಾದ ಮೇಲೊಬ್ಬರು ಮುಂದೆ ಬಂದು ಕೈಗೆ ಕೋಳ ಹಾಕಿಸಿಕೊಂಡರು.

ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 25ಕ್ಕೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಇದೇ ಬಾವುಟದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ನೆತ್ತರು ಹರಿಯಿತು. ವಿದುರಾಶ್ವತ್ಥ ನಮಗೆ ದೂರವಲ್ಲ. ಯಲಹಂಕದಿಂದ ನಮ್ಮೂರಿನ ಮೇಲೆ ಹಿಂದೂಪುರಕ್ಕೆ ಹೋಗುವ ರೈಲಿನ ಹಾದಿಯಲ್ಲೇ ಸಿಗುತ್ತದೆ. ವಲ್ಲಭಭಾಯಿ ಪಟೇಲರು ಬಂದು ಮಿರ್ಜಾರ ಜೊತೆ ಮಾತಾಡಿದ ಮೇಲೆ ಮೈಸೂರು ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು. ಇಷ್ಟು ನಡೆದದ್ದಕ್ಕೆ ಯಾವ ಪಂತುಲುವೂ ಸಂಭಾಷಣೆ ಬರೆಸಲಿಲ್ಲ. ಸಿದ್ಧಲಿಂಗಯ್ಯನವರ ವೇಷ ಹಾಕಿ ವೇದಿಕೆ ಹತ್ತಿದ ಒಬ್ಬ ಹುಡುಗನನ್ನೂ ನನ್ನ ಇಡೀ ನೌಕರಿಯಲ್ಲಿ ಕಾಣಲಿಲ್ಲ. ವೇಷ ಕಷ್ಟದ್ದೇನಲ್ಲ, ಬಿಳಿ ಜುಬ್ಬ, ಗಾಂಧಿ ಟೋಪಿ ಸಾಕು. ಆಡುವುದಕ್ಕೆ ಮಾತು ಬೇಕಲ್ಲ!

ಆಡಿಯೊ ಇಲ್ಲದ ಕಾಲದಲ್ಲಿ ದೊಡ್ಡವರ ಮಾತು ನಮ್ಮ ಹಳ್ಳಿಗಳಿಗೆ ಬರುತ್ತಿದ್ದುದು ಇನ್ನೊಬ್ಬರ ಬಾಯಿಂದ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ ಹೋರಿ ಹಿಡಿದುಕೊಂಡು ಬಂದವರು ಸುದ್ದಿಯನ್ನೂ ತರುತ್ತಿದ್ದರು. ಲಾವಣಿಯವರು ತರುತ್ತಿದ್ದರು. ಕುರುಕ್ಷೇತ್ರ ನಾಟಕದ ಕೃಷ್ಣ ಸಂಧಾನಕ್ಕೆ ಕೂತರೆ ಗಂಟೆಗಟ್ಟಲೆ ವಾದ, ಮರುದಿನ ಅದೇ ಧಾಟಿಯಲ್ಲಿ ಪಂಚಾಯಿತಿ ಕಟ್ಟೆಯ ವಾದ. ಇವೆಲ್ಲಕ್ಕಿಂತ ನನ್ನನ್ನು ಹಿಡಿದದ್ದು ತೊಗಲು ಗೊಂಬೆ. ಮಳೆ ಕೈಕೊಟ್ಟ ವರ್ಷ ಊರಿನವರು ಕಿಳ್ಳೇಕ್ಯಾತರ ಮೇಳವನ್ನು ಕರೆಸುತ್ತಿದ್ದರು. ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಅನ್ನುವ ನಂಬಿಕೆ. ಮಳೆ ಬರಲಿ ಬಿಡಲಿ, ನಮಗಂತೂ ರಾತ್ರಿಯಿಡೀ ಜಾಗರಣೆ.

ಹುಡುಗರೆಲ್ಲ ಪರದೆಯ ಮುಂದೆ ಕೂತರೆ ನಾನು ಹಿಂದಕ್ಕೆ ನುಸುಳುತ್ತಿದ್ದೆ. ನಾಲ್ಕು ಗಳ ನೆಟ್ಟು ಕಂಬಳಿ ಸುತ್ತಿದ ಗೂಡು, ಮುಂದುಗಡೆ ಬಿಳಿ ಪಂಚೆ, ನಡುವೆ ಹರಳೆಣ್ಣೆಯ ದೀಪ. ಬುಟ್ಟಿಯಲ್ಲಿ ಗೊಂಬೆಗಳು ಒಂದರ ಮೇಲೊಂದು ಮಲಗಿರುತ್ತಿದ್ದವು. ಮೇಕೆಯ ಚರ್ಮ ಹದಮಾಡಿ, ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಉಳಿಯಲ್ಲಿ ಸಣ್ಣ ಸಣ್ಣ ತೂತು ಹೊಡೆದು ಒಡವೆ ಮೂಡಿಸಿರುತ್ತಾರೆ. ಬೆನ್ನಿಗೆ ಸೀಳಿದ ಬಿದಿರು. ರಾವಣ ಆಳೆತ್ತರದ ಹತ್ತಿರ ಬಂದರೆ ದೂತ ಗೇಣುದ್ದ. ಯಜಮಾನ ಕಾಲಿನಲ್ಲಿ ಹಲಗೆ ತುಳಿದು ಯುದ್ಧದ ಸದ್ದು ಮಾಡುತ್ತಿದ್ದ, ಬಾಯಲ್ಲಿ ರಾಮನ ಮಾತು, ಪಕ್ಕದಲ್ಲಿ ಕೂತ ಹೆಂಡತಿಯ ಬಾಯಲ್ಲಿ ಸೀತೆಯ ಮಾತು. ಗೊಂಬೆಯ ಬಾಯಿ ಮಾತ್ರ ಯಾವ ಕಾಲಕ್ಕೂ ಅಲುಗುವುದಿಲ್ಲ. ತೋಳಿನ ಕೀಲಿಗೆ ಕಟ್ಟಿದ ಕಡ್ಡಿ ಎತ್ತಿದರೆ ಆ ಗೊಂಬೆ ಮಾತಾಡುತ್ತಿದೆ ಅಂತ ಅರ್ಥ. ಎದುರಿನ ಗೊಂಬೆ ಕದಲದೆ ನಿಂತಿತೋ, ಅದು ಕೇಳಿಸಿಕೊಳ್ಳುತ್ತಿದೆ. ಎರಡೂ ಕೈ ಒಟ್ಟಿಗೆ ಆಡಿದರೆ ಜಗಳ. ರಾಮ ರಾವಣರು ದೊಡ್ಡ ದೊಡ್ಡ ಮಾತಾಡಿ ಹೋದ ಮೇಲೆ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನುವ ಎರಡು ಕೋಡಂಗಿ ಗೊಂಬೆಗಳು ಬಂದು, ಅವನು ಅಂದದ್ದೇನು, ಇವನು ಅಂದದ್ದೇನು ಅಂತ ಕಿತ್ತಾಡುತ್ತಿದ್ದವು. ಜನ ನಗುತ್ತಿದ್ದುದು ಅಲ್ಲಿ, ಕಥೆ ಅರ್ಥವಾಗುತ್ತಿದ್ದುದೂ ಅಲ್ಲಿಯೇ.

ಇದೆಲ್ಲ ಪುರಾಣಕ್ಕಾಯಿತು, ಇತಿಹಾಸಕ್ಕೆ ಒಗ್ಗುವುದಿಲ್ಲ ಅನ್ನುವವರಿಗೆ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಉತ್ತರ ಕೊಟ್ಟಿದ್ದಾರೆ. ರಂಗಭೂಮಿಯಿಂದ ಬಂದ ಅವರು ಗಾಂಧೀಜಿಯನ್ನು, ಸ್ವಾತಂತ್ರ್ಯ ಹೋರಾಟವನ್ನು ತೊಗಲಿನಲ್ಲಿ ಕತ್ತರಿಸಿ ದೇಶ ವಿದೇಶದಲ್ಲಿ ಆಡಿಸಿದರು. 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಮುಂದೆ ಪ್ರಚಾರದ ವ್ಯಾನು ಬಂತು. ಹೊತ್ತು ಮುಳುಗುವಷ್ಟರಲ್ಲಿ ಶಾಲೆಯ ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿ, ಜನರೇಟರು ಗುಡುಗುಡು ಮಾಡಿಸಿ, ಫಿಲ್ಮ್ಸ್ ಡಿವಿಷನ್‌ನ ರೀಲು ಹಾಕುತ್ತಿದ್ದರು. ಜಾಗ ಸಿಗದವರು ಬಟ್ಟೆಯ ಹಿಂದೆ ಕೂತು ನೋಡುತ್ತಿದ್ದೆವು, ನೆಹರೂ ಎಡಗೈಯಲ್ಲಿ ನಮಸ್ಕಾರ ಹಾಕುವುದು ಅಲ್ಲಿಂದ ಮಾತ್ರ ಕಾಣುತ್ತಿತ್ತು. ಅವರ ತುಟಿ ಆಡುತ್ತಿತ್ತು, ಕೇಳುತ್ತಿದ್ದುದು ವಿವರಣೆಕಾರನ ಕನ್ನಡ. ನಮ್ಮ ಅಜ್ಜಿ ಕಡೆಯ ತನಕ ನೆಹರೂಗೆ ಅಚ್ಚುಕಟ್ಟಾದ ಕನ್ನಡ ಬರುತ್ತೆ ಅಂತಲೇ ನಂಬಿದ್ದಳು.

ಅದೇ ಫಿಲ್ಮ್ಸ್ ಡಿವಿಷನ್ 1956ರಲ್ಲಿ ಕಾರ್ಟೂನು ವಿಭಾಗ ತೆರೆದಾಗ, ಡಿಸ್ನಿ ಕಂಪನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ನಮ್ಮ ಹುಡುಗರಿಗೆ ಪಾಠ ಹೇಳಿದರು. 1957ರಲ್ಲಿ ಅವರು ತಯಾರಿಸಿದ 'ಬನ್ಯನ್ ಡೀರ್' ಜಾತಕದ ಕಥೆ. ಬಸುರಿ ಜಿಂಕೆಯ ಬದಲು ತನ್ನ ಪ್ರಾಣ ಒಪ್ಪಿಸಲು ಬಂದ ಜಿಂಕೆರಾಯ ರಾಜನ ಮನಸ್ಸು ತಿರುಗಿಸುತ್ತಾನೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಇದು ನೆಂಟರ ಮನೆಯ ಕಥೆ ಅನ್ನಿಸಬೇಕು. ಪುಣ್ಯಕೋಟಿಯೂ ಬಿಡಲಿಲ್ಲ, ಬೆಂಗಳೂರಿನ ರವಿಶಂಕರ್ ಜನರಿಂದ ಹಣ ಕೂಡಿಸಿ, ಬೇರೆ ಬೇರೆ ಊರಿನ ಕಲಾವಿದರನ್ನು ಇಂಟರ್‌ನೆಟ್ಟಿನಲ್ಲೇ ಒಟ್ಟುಗೂಡಿಸಿ, ಅದನ್ನು ಸಂಸ್ಕೃತದ ಅನಿಮೇಷನ್ ಚಿತ್ರ ಮಾಡಿದರು. ಬಿಡುಗಡೆಯಾದದ್ದು 2020ರಲ್ಲಿ. ನಮ್ಮ ರಾಜ್ಯ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗಿಗೆಂದು ಪ್ರತ್ಯೇಕ ನೀತಿ ತಂದಿತ್ತು. ಮಗ್ಗದ ಮನೆಯ ಹುಡುಗಿ ಈ ಕಸುಬು ಕಲಿತದ್ದರಲ್ಲಿ ಆಶ್ಚರ್ಯವೇನಿಲ್ಲ.

ಗೊಂಬೆಗೂ ಅನಿಮೇಷನ್ನಿಗೂ ನೆಂಟಸ್ತಿಕೆ ನಾನು ಹೊಸದಾಗಿ ಹಚ್ಚಿದ್ದಲ್ಲ. ಫಾಲ್ಕೆ 1915ರಲ್ಲೇ ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಸರಿಸಿ ಫೋಟೊ ಹಿಡಿದು ಕುಣಿಸಿದ್ದರು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕಪ್ಪು ರಟ್ಟು ಕತ್ತರಿಸಿ, ಕೀಲಿಗೆ ತಂತಿ ಕಟ್ಟಿ, ಗಾಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು 'ರಾಜಕುಮಾರ ಅಹ್ಮದನ ಸಾಹಸಗಳು' ತೆಗೆದರು. ಅದು 1926ರಲ್ಲಿ ತೆರೆಕಂಡಿತು. ಇವತ್ತಿಗೆ ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಹಳೆಯದು. ಅದರ ಒಂದು ತುಣುಕನ್ನು ಹುಡುಗಿ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಕುದುರೆಯ ಕಾಲಿನ ಕೀಲು ನೋಡಿದ ಕೂಡಲೇ, ಇದು ನಮ್ಮ ಕಿಳ್ಳೇಕ್ಯಾತರದ್ದಲ್ವೇನೇ ಅಂದೆ.

ಅಷ್ಟು ಹೊತ್ತಿಗೆ ಅವಳು ಸಿದ್ಧಲಿಂಗಯ್ಯನವರ ಕಡೆ ಮನಸ್ಸು ತಿರುಗಿಸಿದ್ದಳು. ಆದರೂ ಒಂದು ಪಟ್ಟು. "ನಾನೇ ನಾಲ್ಕು ಸಾಲು ಬರೀತೀನಿ ತಾತ, ಆ ಕಾಲದ ಭಾಷೆ ಥರ. ಯಾರಿಗೆ ಗೊತ್ತಾಗುತ್ತೆ?" ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದೇ ನನಗೆ ಹೆದರಿಕೆ. ಚೆನ್ನಮ್ಮನಿಗೆ ಆದದ್ದು ಇದೇ. ಸಿನಿಮಾದವರು ಸಿನಿಮಾ ಮಾಡಿದರು, ಅವರದ್ದೇನೂ ತಪ್ಪಿಲ್ಲ. ಅದು ಚೆನ್ನಮ್ಮನದೇ ಮಾತು ಅಂತ ಅರವತ್ತು ವರ್ಷದಲ್ಲಿ ನಾವೇ ಗಟ್ಟಿ ಮಾಡಿಕೊಂಡೆವು. ಬಾಯಿ ಆಡುವ ಚಿತ್ರಕ್ಕೆ ಆ ಶಕ್ತಿ ಇದೆ. ತುಟಿಗೆ ಸರಿಯಾಗಿ ಮಾತು ಕೂತರೆ ನೋಡುವವನು ಸಾಕ್ಷಿ ಕೇಳುವುದಿಲ್ಲ. ಗೊಂಬೆಯಾಟದಲ್ಲಿ ಹಾಗಲ್ಲ, ಆಡಿಸುವವನು ಪರದೆಯ ಹಿಂದೆ ಇದ್ದಾನೆ, ಇದು ಅವನು ಹೇಳುತ್ತಿರುವ ಕಥೆ ಅನ್ನುವುದು ಮಕ್ಕಳಿಗೂ ತಿಳಿದಿರುತ್ತದೆ.

ಇದನ್ನು ಅವಳಿಗೆ ತಿಳಿಸಲು ನಮ್ಮೂರಿನವರೇ ಆದ ಡಿ.ಆರ್. ನಾಗರಾಜರ ಸಹಾಯ ಬೇಕಾಯಿತು. ನೇಯ್ಗೆಯವರ ಮನೆಯ ಮಗ, 1954ರಲ್ಲಿ ಹುಟ್ಟಿ 1998ರಲ್ಲಿ ಹೋಗಿಬಿಟ್ಟರು. ಬೆಂಗಳೂರಿನ ಕಾಲೇಜು ದಿನಗಳಲ್ಲಿ ಡಿ.ಆರ್. ಮತ್ತು ಆಗ ಹೇಳಿದ ಕವಿ ಸಿದ್ಧಲಿಂಗಯ್ಯ ಚರ್ಚಾಸ್ಪರ್ಧೆಗಳ ಜೋಡಿ. ಆ ದಿನಗಳ ಸೊಗಸು ನೋಡಬೇಕಾದರೆ ಸಿದ್ಧಲಿಂಗಯ್ಯನವರ 'ಊರುಕೇರಿ' ಓದಬೇಕು. ಚರ್ಚಾಸ್ಪರ್ಧೆ, ಆಶುಭಾಷಣ, ಪರ್ಯಾಯ ಪಾರಿತೋಷಕ ಇವುಗಳ ಬೆಲೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಆಗ ಬಸ್ ಚಾರ್ಜಿಗೆ ಕಾಸಿಲ್ಲದ ಮನೆಯ ಹುಡುಗರು ಮಾತಿನ ಬಲದಿಂದಲೇ ಊರೂರಿಗೆ ಹೆಸರಾಗುತ್ತಿದ್ದರು. ಅಲ್ಲಿ ಒಂದು ಪದ್ಧತಿ ಇತ್ತು: ವಿಷಯದ ಪರವಾಗಿ ಒಬ್ಬ, ವಿರೋಧವಾಗಿ ಒಬ್ಬ. ಒಬ್ಬನೇ ನಿಂತು ಗುಡುಗಿ ಹೋದರೆ ಅದು ಚರ್ಚೆಯಲ್ಲ. ಡಿ.ಆರ್. ಮುಂದೆ ಗಾಂಧಿ, ಅಂಬೇಡ್ಕರರ ಮುಖಾಮುಖಿಯ ಬಗ್ಗೆ ಬರೆದಾಗ ಇಬ್ಬರಲ್ಲಿ ಗೆದ್ದವರು ಯಾರು ಅಂತ ಹುಡುಕಲಿಲ್ಲ. ಆ ಜಗಳದಿಂದ ಇಬ್ಬರೂ ಹೇಗೆ ಬದಲಾದರು ಅಂತ ನೋಡಿದರು. ಒಂದು ಭಾಷಣ ಎದುರಾಳಿ ಇಲ್ಲದೆ ಹುಟ್ಟುವುದಿಲ್ಲ, ಕೇಳುವವನಿಲ್ಲದೆ ಉಳಿಯುವುದಿಲ್ಲ.

ಹಾಗಾದರೆ ಕೇಳಿದವರಿಂದಲೇ ಹೇಳಿಸೋಣ ಅಂತ ಅವಳಿಗೇ ಹೊಳೆಯಿತು. ಶಿವಪುರದ ಬಯಲಿನಿಂದ ಹಿಂದಿರುಗುವ ದಾರಿಯಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ. ಅಧ್ಯಕ್ಷರು ಹೀಗಂದರು ಅಂತ ಅವನು, ಹಾಗಲ್ಲ ಕಣೋ ಅಂತ ಅವಳು. ನಡುನಡುವೆ ಹಿಂದಿನ ದೃಶ್ಯ: ಕಂಬ, ಹಗ್ಗ, ನಿಷೇಧಾಜ್ಞೆಯ ಕಾಗದ, ಬಿಳಿ ಟೋಪಿಯವರ ಸಾಲು. ಸಿದ್ಧಲಿಂಗಯ್ಯನವರ ಗೊಂಬೆಗೆ ಕೈ ಇದೆ, ಬಾಯಿ ಆಡುವುದಿಲ್ಲ. ಇಲ್ಲದ ಮಾತನ್ನು ಅವರ ಬಾಯಿಗೆ ತುರುಕುವ ಗೋಜೇ ಇಲ್ಲ.

ಚಿತ್ರದ ಕೆಲಸದಲ್ಲಿ ನನ್ನ ಕಾಟ ಅವಳಿಗೆ ಸಾಕಷ್ಟಾಯಿತು. ಮೊದಲ ಸಲ ತೋರಿಸಿದಾಗ ಬಾವುಟದ ನಡುವೆ ಅಶೋಕ ಚಕ್ರ ಇತ್ತು, ಇಂಟರ್‌ನೆಟ್ಟಿನಿಂದ ಎತ್ತಿಕೊಂಡದ್ದು. ಚಕ್ರ ಬಂದದ್ದು 1947ರ ಜುಲೈಯಲ್ಲಿ, 1938ರ ಬಾವುಟದಲ್ಲಿದ್ದುದು ಚರಕ. ಬಾವುಟ ಸ್ಯಾಟಿನ್ ಬಟ್ಟೆಯ ಹಾಗೆ ಅಲೆಅಲೆಯಾಗಿ ತೇಲುತ್ತಿತ್ತು. ಖಾದಿ ಹಾಗೆ ತೇಲುವುದಿಲ್ಲಮ್ಮ, ಗಾಳಿ ಬಂದರೆ ಒಂದು ಸಲ ಬಡಿಯುತ್ತೆ, ಆಮೇಲೆ ಜೋತುಬೀಳುತ್ತೆ ಅಂದೆ. ಬಟ್ಟೆಯ ವಿಷಯ ನೇಯ್ಗೆಯವರ ಮಗಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಸೆಕೆಂಡಿಗೆ 24 ಚಿತ್ರ ಓಡಬೇಕು, ಒಂದೊಂದು ಚಿತ್ರವನ್ನು ಎರಡೆರಡು ಸಲ ಹಿಡಿದರೆ 12 ಬರೆದರೆ ಸಾಕಂತೆ. ತೊಗಲು ಗೊಂಬೆಗೆ 12 ಕೂಡ ಹೆಚ್ಚು. ಕೈ ನುಣ್ಣಗೆ ಮೇಲೇಳಬಾರದು, ಕಡ್ಡಿ ಎತ್ತಿದ ಹಾಗೆ ತಟಕ್ಕನೆ ಏಳಬೇಕು. ಅದು ಸರಿಹೋಗುವ ತನಕ ನಾನು ಬಿಡಲಿಲ್ಲ. ಕಂಪ್ಯೂಟರಿಗೆ ಎಲ್ಲವನ್ನೂ ನುಣುಪು ಮಾಡುವ ಚಟ.

ಉಳಿದದ್ದು ದನಿ. ಬಂಗಾರಕ್ಕನ ಮಾತು ಅವಳ ಅಮ್ಮನೇ ಆಡಿದರು. ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡಿ ಮಾತಾಡಿ ಅವರ ದನಿ ಪಳಗಿದೆ. ಕಿಳ್ಳೇಕ್ಯಾತನಿಗೆ ಪಕ್ಕದ ಹಳ್ಳಿಯ ಡ್ರಾಮಾ ಮೇಷ್ಟ್ರು ಬಂದರು, ಎಷ್ಟೋ ದುರ್ಯೋಧನರನ್ನು ತಯಾರು ಮಾಡಿದವರು. ನಮ್ಮೂರಿನಲ್ಲಿ ಧ್ವನಿಮುದ್ರಣ ಮಾಡಬೇಕಾದರೆ ಕರೆಂಟು ಹೋಗಬೇಕು. ಇಲ್ಲದಿದ್ದರೆ ಆಚೆ ಈಚೆ ಮನೆಗಳಿಂದ ಲಾಳಿ ಬಡಿಯುವ ಸದ್ದು ನಿಲ್ಲುವುದಿಲ್ಲ. ಮಧ್ಯಾಹ್ನ ಕರೆಂಟು ಹೋದ ಕೂಡಲೇ ಕಿಟಕಿ ಮುಚ್ಚಿ, ಮೊಬೈಲು ಆನ್ ಮಾಡಿ, ಸನ್ನೆ ಮಾಡಿದಳು. ಬಂಗಾರಕ್ಕನ ಭಾಗ ಒಂದೇ ಏಟಿಗೆ ಮುಗಿಯಿತು. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಇಲ್ಲದೆ ತಾನು ಬಾಯಿ ತೆಗೆಯುವವನಲ್ಲ ಅಂದರು. ಹಾರ್ಮೋನಿಯಂ ತರಿಸಿ, ಶ್ರುತಿ ಹಿಡಿದು, ಗಣಪತಿ ಸ್ತುತಿ ಮುಗಿಸಿ ಅವರು ಮೊದಲ ಮಾತಿಗೆ ಬರುವಷ್ಟರಲ್ಲಿ ಕೆಳಗಿನ ನಾಲ್ಕೂ ಮಗ್ಗ ಒಟ್ಟಿಗೆ ಶುರುವಾದವು.

"ಪರವಾಗಿಲ್ಲ ಬಿಡೇ, ಯುದ್ಧದ ಸದ್ದು ಅಂದ್ಕೋತಾರೆ" ಅಂದರು ಮೇಷ್ಟ್ರು.

"ಯುದ್ಧ ಇಲ್ಲ ಮೇಷ್ಟ್ರೇ ಇದರಲ್ಲಿ, ಬಾವುಟ ಅಷ್ಟೇ" ಅಂತ ಹುಡುಗಿ ಮೊಬೈಲು ಆಫ್ ಮಾಡಿ, ಮತ್ತೆ ಕರೆಂಟು ಹೋಗುವ ಹೊತ್ತು ಯಾವುದು ಅಂತ ಅವರ ಅಪ್ಪನನ್ನು ಕೇಳಲು ಕೆಳಗೆ ಇಳಿದಳು.